ಹುಟ್ಟಿದವ ಅಲ್ಲಪ ಅವ

ಗಂಗಾವತಿ
24 ನವೆಂಬರ್ 2024, ಭಾನುವಾರ

ನಾನು ದೇವರನ್ನು ನಂಬುತ್ತೇನೆ. ಆದರೆ ಕೂತು ಈ ಜಗತ್ತನ್ನು ಮಾಡಿದ ಒಬ್ಬ ದೇವರಿದ್ದಾನೆ ಎಂದು ನಂಬುವುದಿಲ್ಲ. ಇದನ್ನು ಹೇಳಿದಾಗಲೆಲ್ಲ ಅವ್ವನಿಗೆ ಸಂಕಟ. ಇವತ್ತೂ ಹಾಗೇ ಆಯಿತು.

"ಮಾಡಿದವ ಇಲ್ದ ಇಷ್ಟೆಲ್ಲ ಹ್ಯಾಂಗ ಬಂತೋ?"

"ಹಂಗಾದ್ರ ಅವನ್ನ ಯಾರು ಹುಟ್ಟಿಸಿದ್ರಬೇ?"

"ಅವ ಹುಟ್ಟಿದವ ಅಲ್ಲಪ."

ಅಷ್ಟು ಹೇಳಿ ಜೋಳ ಹಸನು ಮಾಡತೊಡಗಿದಳು. ಆ ಉತ್ತರ ನನ್ನನ್ನು ದಿನವಿಡೀ ಕಾಡಿತು. ಹುಟ್ಟದೆಯೇ ಇರುವಂಥದ್ದು ಒಂದಿದೆ ಎಂದು ಒಪ್ಪಿಕೊಂಡ ಮೇಲೆ, ಅದು ಈ ಜಗತ್ತೇ ಯಾಕಾಗಬಾರದು? ಹಾಗಂತ ಅವಳ ಮಾತನ್ನು ತಳ್ಳಿಹಾಕಲೂ ಆಗಲಿಲ್ಲ. ಯಾಕೆ, ಯಾಕೆ ಎಂದು ಕೇಳುತ್ತ ಹೋದವರು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಅವಳು ನಿಂತಲ್ಲಿ ಕೈ ಮುಗಿಯುತ್ತಾಳೆ.

ಮಧ್ಯಾಹ್ನ ಹಿರೇಬೆಣಕಲ್ಲಿಗೆ ಹೋಗಿ ಮೋರೇರ ಬೆಟ್ಟ ಹತ್ತಿದೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಕಲ್ಲುಮನೆಗಳು ಅಲ್ಲಿವೆ. ಕಬ್ಬಿಣ ಯುಗದವು, ಎರಡು ಸಾವಿರ ವರ್ಷಕ್ಕೂ ಹಳೆಯವು. ಮೋರೇರು ಎಂಬ ಕುಳ್ಳ ಜನ ಅಲ್ಲಿ ಬಾಳಿದ್ದರು ಎಂದು ಹಿರಿಯರು ಹೇಳುತ್ತಾರೆ. ಸತ್ತವರಿಗಾಗಿ ಕಟ್ಟಿದವು ಎನ್ನುತ್ತಾರೆ ಪುರಾತತ್ತ್ವದವರು. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅದು ಯಾತಕ್ಕೆಂದು ಕಟ್ಟಿದವರು ಒಂದಕ್ಷರವನ್ನೂ ಬರೆದಿಟ್ಟಿಲ್ಲ. ನನಗನಿಸುವುದು ಇಷ್ಟು: ಸತ್ತವರನ್ನು ಪೂರ್ತಿ ಮುಚ್ಚಿಬಿಡಲು ಅವರಿಗೆ ಮನಸ್ಸು ಬಂದಿಲ್ಲ. ಅವರು ಕೊರೆದ ಆ ಕಲ್ಲಿಗಾದರೋ ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೈಯಿಟ್ಟು ನಿಂತಾಗ ನನಗೆ ಗುಡಿಯಲ್ಲಿ ಆಗುವುದೇ ಆಯಿತು.

ಜಗತ್ತು ಹಿಗ್ಗುತ್ತ ಬಂದ ಕಥೆ ಹೇಳುವ ಮಹಾಸ್ಫೋಟ (ಬಿಗ್ ಬ್ಯಾಂಗ್) ಗೊತ್ತಾದ ಮೇಲೆ ದೇವರಿಗೆ ಏನು ಕೆಲಸ ಎನ್ನುವ ಗೆಳೆಯರಿದ್ದಾರೆ. ಅದೇ ದೇವರಿಗೆ ಸಾಕ್ಷಿ ಎನ್ನುವವರೂ ಇದ್ದಾರೆ. ಇಬ್ಬರದೂ ಅವಸರ. ಜಗತ್ತು ಒಂದು 'ಆದಿ ಅಣು'ವಿನಿಂದ ಹಿಗ್ಗುತ್ತ ಬಂತು ಎಂದು 1931ರಲ್ಲಿ ಹೇಳಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕ್ರೈಸ್ತ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಸಿದ್ಧಾಂತವನ್ನು ಸೃಷ್ಟಿಗೆ ಪುರಾವೆಯೆಂಬಂತೆ ಎತ್ತಿಹಿಡಿದಾಗ ಲೆಮೈತ್ರ್‌ಗೆ ಅದು ಸರಿಬರಲಿಲ್ಲ. ವಿಜ್ಞಾನವೇ ಬೇರೆ, ಭಕ್ತಿಯೇ ಬೇರೆ ಎಂಬ ಅವರ ನಿಲುವು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವಿಜ್ಞಾನ ನಮ್ಮನ್ನು 1,380 ಕೋಟಿ ವರ್ಷ ಹಿಂದಕ್ಕೆ, ಕುದಿಯುವ, ಕಿಕ್ಕಿರಿದ ಒಂದು ಸ್ಥಿತಿಯವರೆಗೆ ಕರೆದೊಯ್ಯುತ್ತದೆ. ಅದರಾಚೆಗೆ ಇವತ್ತಿನ ಲೆಕ್ಕಗಳು ನಡೆಯುವುದಿಲ್ಲ. ಋಗ್ವೇದದ ನಾಸದೀಯ ಸೂಕ್ತವೂ, ಇದೆಲ್ಲ ಎಲ್ಲಿಂದ ಬಂತೆಂಬುದು ಮೇಲಿದ್ದು ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದೇ ಮುಗಿಯುತ್ತದೆ. ಅಷ್ಟು ಹಿಂದೆ, ಅಂಥ ಧೈರ್ಯ!

ಏನೂ ಇಲ್ಲದೆಯೂ ಇರಬಹುದಿತ್ತು. ಆದರೂ ಕಲ್ಲಿದೆ, ಬೆಟ್ಟದ ಕೆಳಗೆ ಕೊಯ್ಲಿಗೆ ಬಂದ ಭತ್ತವಿದೆ, ಅವ್ವ ಇದ್ದಾಳೆ. ನಾನು ಕೈ ಮುಗಿಯುವುದು ಈ ಇರುವಿಕೆಗೆ. ಹರಕೆ ಹೊರುವುದನ್ನು ಬಿಟ್ಟು ಬಹಳ ಕಾಲವಾಯಿತು. ಅಪ್ಪ ಕಾಯಿಲೆಯಲ್ಲಿ ನರಳಿ ಹೋದಾಗ "ಎಲ್ಲಾ ದೇವರ ಇಚ್ಛೆ" ಅಂದವರ ಮೇಲೆ ನನಗಿನ್ನೂ ಸಿಟ್ಟಿದೆ. ಆ ನೋವನ್ನು ಬೇಕೆಂದು ಕೊಟ್ಟವನೊಬ್ಬ ಇದ್ದರೆ ಅವನಿಗೆ ನಾನು ತಲೆಬಾಗಲಾರೆ.

ನಾಳೆ ಕಾರ್ತಿಕ ಸೋಮವಾರ, ಅವ್ವನ ಜೊತೆ ಗುಡಿಗೆ ಹೋಗಬೇಕು. ಅವಳು ಮೊಮ್ಮಕ್ಕಳ ಹೆಸರು ಹಿಡಿದು ಬೇಡಿಕೊಳ್ಳುತ್ತಾಳೆ. ನಾನು ಕೃತಜ್ಞತೆಯಷ್ಟನ್ನೇ ಹೇಳಿ ಬರುತ್ತೇನೆ. ಯಾರಿಗೆ ಹೇಳಿದಿ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.