ಮೇಜಿನ ಮೇಲೊಂದು ವೆಸ್ಟರ್ನ್: ಸ್ಟಾಪ್ ಮೋಷನ್ ಕಿರುಚಿತ್ರದ ಕೆಲಸ ಎಲ್ಲಿಗೆ ಬಂತು

ಬೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು, ಸಾಲಾಗಿ ಓಡಿಸುವುದೇ ಸ್ಟಾಪ್ ಮೋಷನ್. ನಮ್ಮದು ಕೌಬಾಯ್ ಕಥೆ: 1880ರ ಅಮೆರಿಕದ ಆರಿಜೋನಾ. ಬ್ಯಾಂಕು ದೋಚಿದ ಮೂವರಲ್ಲಿ ಒಬ್ಬ ಜೊತೆಗಾರರಿಗೆ ಬೆನ್ನ ಹಿಂದಿನಿಂದ ಗುಂಡು ಹೊಡೆದು ಹಣದೊಂದಿಗೆ ಪರಾರಿ. ಬದುಕುಳಿದವನು ಸೇಡಿಗೆ ಹೊರಡುತ್ತಾನೆ. ಬೀದಿಯ ಸೆಟ್ ಮುಗಿದಿದೆ, ದ್ರೋಹದ ದೃಶ್ಯದ ಶೂಟಿಂಗ್ ಆಗಿದೆ. ಕುದುರೆ ಓಟ ಬಾಕಿ.

ಅಳತೆ 1:12. ಆರಡಿ ಆಳು ಇಲ್ಲಿ 15 ಸೆಂ.ಮೀ.; 1873ರ ಕೋಲ್ಟ್ ರಿವಾಲ್ವರಿನ ಏಳೂವರೆ ಇಂಚಿನ ನಳಿಗೆ 16 ಮಿ.ಮೀ. ಕಟ್ಟಡಗಳಿಗೆ ಐಸ್‌ಕ್ರೀಮ್ ಕಡ್ಡಿಯ ಮುಂಗೋಡೆ ಮಾತ್ರ. ಆ ಊರುಗಳಲ್ಲಿ ನಿಜಕ್ಕೂ ಗಿಡ್ಡ ಅಂಗಡಿಗಳ ಮುಂದೆ ಎತ್ತರದ ತೋರಿಕೆಯ ಗೋಡೆ ನಿಲ್ಲಿಸುತ್ತಿದ್ದರು.

ಅಳತೆಯ ಗುಟ್ಟು ಬಯಲಾಗುವುದು ನೆಲದಲ್ಲಿ. ಅರ್ಧ ಮಿ.ಮೀ. ಮರಳಿನ ಕಾಳು ಈ ಅಳತೆಯಲ್ಲಿ 6 ಮಿ.ಮೀ. ಜಲ್ಲಿ! ಅದಕ್ಕೇ ಮರಳು ಬೇಡ. ವಸ್ತ್ರಗಾಳಿತ ಮಾಡಿದ ಕೆಮ್ಮಣ್ಣು ಒಂದು ಪಾಲು, ಬಿಳಿ ರಂಗೋಲಿ ಪುಡಿ ಮೂರು ಪಾಲು ಬೆರೆಸಿ ಹರಡಿ, ಒಂದಕ್ಕೆ ನಾಲ್ಕು ನೀರು ಸೇರಿಸಿದ ಫೆವಿಕಾಲ್ ಸ್ಪ್ರೇ ಮಾಡಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬೀಳಲೇಬೇಕು, ಇಲ್ಲದಿದ್ದರೆ ನೀರು ಪುಡಿಯ ಮೇಲೆ ಗುಂಡುಗುಂಡಾಗಿ ನಿಲ್ಲುತ್ತದೆ. ಅಂಟದೆ ಉಳಿದ ಪುಡಿಯನ್ನು ಊದಿ ತೆಗೆಯಿರಿ. ಬಿಟ್ಟರೆ ಬೊಂಬೆ ಸರಿಸುವ ಬೆರಳು ತಾಗಿ, ಓಡಿಸಿ ನೋಡಿದಾಗ ನೆಲವೇ ಹರಿದಾಡುತ್ತದೆ.

ಬೊಂಬೆಯೊಳಗೆ 1.5 ಮಿ.ಮೀ. ಅಲ್ಯೂಮಿನಿಯಂ ತಂತಿ, ಮೂರೆಳೆ ಹೊಸೆದದ್ದು. ಕೀಲುಗಳನ್ನು ಬಿಟ್ಟು ಉಳಿದೆಡೆ ಎಂ-ಸೀಲ್. ಮೊದಲು ಮುರಿಯುವುದು ಪಾದದ ಗಂಟು, ಇಡೀ ಭಾರ ಅಲ್ಲೇ ಬಾಗುತ್ತದಲ್ಲ. ಪಾದದಲ್ಲಿ ಎಂ3 (3 ಮಿ.ಮೀ. ಬೋಲ್ಟಿನ) ನಟ್ ಕೂರಿಸಿ, ಪ್ಲೈವುಡ್ಡಿನ ಅಡಿಯಿಂದ ಬೋಲ್ಟ್ ಬಿಗಿದರೆ ಆಳು ಅಲುಗುವುದಿಲ್ಲ.

ಬೆಳಕು ಮಿಣಮಿಣ ಎಂದರೆ ಬಲ್ಬನ್ನು ಬೈಯುವ ಮೊದಲು ಲೆನ್ಸ್ ನೋಡಿ. ಆಟೊ ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಂಡಿ) ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಗಾತ್ರಕ್ಕೆ ಮುಚ್ಚುತ್ತದೆ. ಕಂಡಿಯನ್ನು ಕೈಯಿಂದಲೇ ತಿರುಗಿಸಿ ನಿಲ್ಲಿಸುವ ರಿಂಗ್ ಇರುವ ಹಳೇ ಮ್ಯಾನ್ಯುವಲ್ ಲೆನ್ಸ್ ಇದಕ್ಕೆ ಉತ್ತಮ ಮದ್ದು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಲಾಕ್. ಎಕ್ಸ್‌ಪೋಷರ್, ಅಂದರೆ ಪ್ರತಿ ಫೋಟೊಗೆ ಬೆಳಕು ಬಿಡುವ ಹೊತ್ತು, ಅರ್ಧ ಸೆಕೆಂಡ್. ಮೈಮೇಲೆ ಕಪ್ಪು ಅಂಗಿ, ಬಿಳಿ ಬಟ್ಟೆಯ ಪ್ರತಿಫಲನವೂ ಸೆಟ್ಟಿಗೆ ಬೀಳುತ್ತದೆ.

ಹೊಗೆಯಿಲ್ಲದ ಕೋವಿಮದ್ದು ಬಂದದ್ದು 1884ರಲ್ಲಿ. ಅಂದರೆ ನಮ್ಮ ಕಥೆಯ ಪ್ರತಿ ಗುಂಡಿಗೂ ದಟ್ಟ ಬಿಳಿ ಹೊಗೆ ಏಳಲೇಬೇಕು. ಸೆಕೆಂಡಿಗೆ 12 ಫ್ರೇಮ್ (ಫೋಟೊ) ಲೆಕ್ಕದಲ್ಲಿ ಒಂದು ಫ್ರೇಮ್ ಕಿಡಿ, ಮರುಫ್ರೇಮಿನಲ್ಲೇ ದೊಡ್ಡ ಹತ್ತಿಯುಂಡೆ, ಆಮೇಲೆ ಹತ್ತು ಫ್ರೇಮ್ ಎಳೆದೆಳೆದು ತೆಳುವಾಗಿಸುವುದು. ಹೊಗೆ ಮೆಲ್ಲಗೆ ಬೆಳೆದರೆ ಪೆಟ್ಟಿನ ರಭಸವೇ ಹೋಗುತ್ತದೆ. ಬೆಳಕು ಹಿಂದಿನಿಂದ ಬರಲಿ. ಮುಂದಿನಿಂದ ಬಿದ್ದರೆ ಹತ್ತಿ ಹತ್ತಿಯಾಗಿಯೇ ಕಾಣುತ್ತದೆ.

ಕುದುರೆಗೆ ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ತೆಗೆದ ಫೋಟೊಗಳೇ ಆಧಾರ: ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಮುದುಡಿದಾಗ, ಚಾಚಿದಾಗ ಅಲ್ಲ. ಒಂದು ನೆಗೆತಕ್ಕೆ ಅರ್ಧ ಸೆಕೆಂಡೂ ಹಿಡಿಯದು. 12 ಫ್ರೇಮ್ ವೇಗದಲ್ಲಿ ಐದಾರು ಭಂಗಿಯಷ್ಟೇ ಸಿಕ್ಕಿ ಓಟ ತಡವರಿಸುತ್ತದೆ. ಈ ಶಾಟ್ ಮಾತ್ರ 24ರಲ್ಲಿ, ನೆಗೆತಕ್ಕೆ 11 ಭಂಗಿ. ಕುದುರೆಯನ್ನು ಹಿಂದಿನಿಂದ ಉಕ್ಕಿನ ಸರಳು ಹಿಡಿಯುತ್ತದೆ. ಅದನ್ನು ಅಳಿಸಲು ಖಾಲಿ ಸೆಟ್ಟಿನ ಫೋಟೊ ಬೇಕು, ಅದನ್ನು ಕುದುರೆ ಇಡುವ ಮೊದಲೇ ತೆಗೆದುಕೊಳ್ಳಬೇಕು.