ಪುಟ್ಟಿಗೆ ಅರಳುಮರಳು

ನಮ್ಮನೆ ಪುಟ್ಟಿಗೆ ಈಗ ಹದಿನಾಲ್ಕು. ಬಿಳಿ ಸ್ಪಿಟ್ಜ್ ನಾಯಿ, ಬೀದೀಲಿ ಎಲ್ರೂ ಪಮೇರಿಯನ್ ಅಂತಾನೇ ಕರೀತಾರೆ, ನಾವೂ ತಿದ್ದೋಕೆ ಹೋಗಿಲ್ಲ. ಹೋದ ದೀಪಾವಳಿ ಆದ್ಮೇಲೆ ಒಂದಿನ ವಾಕಿಂಗ್ ಮುಗಿಸ್ಕೊಂಡು ಬಂದು ಬಾಗಿಲ ಮುಂದೆ ನಿಂತ್ಲು, ಆದ್ರೆ ಚಿಲಕದ ಕಡೆ ಅಲ್ಲ, ಕೀಲಿನ ಕಡೆ. ಬಾಗಿಲು ತೆಗೆದ್ರೂ ಅಲ್ಲೇ, ಗೋಡೆ ಸಂದೀಗೆ ಮೂಗಿಟ್ಕೊಂಡು ಕಾಯ್ತಾನೇ ಇದ್ಲು. ದಿನಕ್ಕೆ ಹತ್ತು ಸಲ ದಾಟೋ ಬಾಗಿಲು ಅದು! ನಾನು ನಕ್ಕೊಂಡು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ದೆ. ಈಗ ಅದನ್ನ ನೋಡೋಕಾಗಲ್ಲ.

ಆಮೇಲೆ ಒಂದೊಂದೇ ಶುರುವಾಯ್ತು. ಹಗಲೆಲ್ಲ ನಿದ್ದೆ, ರಾತ್ರಿ ಎರಡೂವರೆಗೆ ಎದ್ದು ಟಕ್ ಟಕ್ ಅಂತ ಉಗುರು ಸದ್ದು ಮಾಡ್ಕೊಂಡು ಹಾಲಲ್ಲಿ ರೌಂಡು, ಕುರ್ಚಿ ಕಾಲುಗಳ ಮಧ್ಯ ಸಿಕ್ಹಾಕ್ಕೊಂಡು ಹಿಂದಕ್ಕೆ ಬರೋದು ಗೊತ್ತಾಗ್ದೆ ಕುಂಯ್ ಕುಂಯ್, ಇಷ್ಟು ವರ್ಷ ಮನೆಯೊಳಗೆ ಗಲೀಜು ಮಾಡದವಳು ದೇವರಮನೆ ಹೊಸ್ತಿಲ ಮೇಲೇ ಉಚ್ಚೆ ಹೊಯ್ದು ಅಮ್ಮನ ಹತ್ರ ಬೈಸ್ಕೊಂಡ್ಲು. ಕೊಬ್ಬು ಜಾಸ್ತಿಯಾಗಿದೆ ಅಂತ ನಾನೂ ಒಂದೆರಡು ಸಲ ಗದರಿದೀನಿ. ಅಜ್ಜಿ ಮಾತ್ರ, "ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಇದಕ್ಕೂ ಅದೇ ಬಿಡೋ" ಅಂದ್ರು.

ಡಾಕ್ಟ್ರು ಅಷ್ಟು ಬೇಗ ಒಪ್ಲಿಲ್ಲ. ಕಿಡ್ನಿ, ಥೈರಾಯ್ಡ್, ಬೀಪಿ, ಕಣ್ಣು, ಕಿವಿ, ಕೀಲುನೋವು ಎಲ್ಲಾ ನೋಡಿದ್ರು, ಯಾಕಂದ್ರೆ ಇವುಗಳಲ್ಲಿ ಯಾವುದಾದ್ರೂ ಹೀಗೇ ಆಡಿಸಬಹುದಂತೆ, ಮತ್ತೆ ಈ ಕಾಯಿಲೆ ಇದೆ ಅಂತ ಹೇಳೋ ಒಂದೇ ಒಂದು ಟೆಸ್ಟ್ ಇಲ್ಲ, ಬೇರೆಲ್ಲ ಅಲ್ಲ ಅಂದ್ಮೇಲೆ ಉಳಿಯೋದೇ ಇದು. ಕೆನೈನ್ ಕಾಗ್ನಿಟಿವ್ ಡಿಸ್‌ಫಂಕ್ಷನ್ ಅಂತ ಹೆಸರು, ಅಂದ್ರೆ ವಯಸ್ಸಾದ ನಾಯಿಗಳಿಗೆ ಬರೋ ಮರೆವಿನ ಕಾಯಿಲೆ.

ಮನೆಗೆ ಬಂದು ಕೂತು ಓದಿದೆ. ಮೆದುಳು ಕುಗ್ಗುತ್ತೆ, ಒಳಗೆ ದ್ರವ ತುಂಬಿರೋ ಕುಳಿಗಳು ಹಿಗ್ಗುತ್ತವೆ, ಬೀಟಾ ಅಮೈಲಾಯ್ಡ್ ಅನ್ನೋ ಪ್ರೋಟೀನು ಅಲ್ಲಲ್ಲಿ ಗಸಿ ಕಟ್ಟುತ್ತೆ. ಮನುಷ್ಯರ ಅಲ್ಜೈಮರ್ಸಲ್ಲಿ ಇರೋದೂ ಅದೇ ಪ್ರೋಟೀನು, ಅಮೈನೋ ಆಸಿಡ್ ಜೋಡಣೆ ಸಮೇತ ಒಂದೇ. ಆದ್ರೆ ಅಲ್ಜೈಮರ್ಸ್ ಬಂದಾಗ ನಮ್ಮ ನರಕೋಶಗಳಲ್ಲಿ ಆಗೋ ಟಾವ್ ಅನ್ನೋ ಇನ್ನೊಂದು ಪ್ರೋಟೀನಿನ ಗಂಟುಗಳು ನಾಯಿಗಳಲ್ಲಿ ಅಪರೂಪ, ಹಾಗಾಗಿ ಇದನ್ನ ನಾಯಿ ಅಲ್ಜೈಮರ್ಸ್ ಅಂದ್ಬಿಡೋದು ಪೂರ್ತಿ ಸರಿ ಅಲ್ಲ ಅನ್ಸುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯವರು 2001ರಲ್ಲಿ ಹೇಳಿದ ಪ್ರಕಾರ 11-12 ವರ್ಷದ ನಾಯಿಗಳಲ್ಲಿ ಶೇ. 28, 15-16ರ ಹೊತ್ತಿಗೆ ಶೇ. 68ರಷ್ಟರಲ್ಲಿ ಒಂದಾದ್ರೂ ಲಕ್ಷಣ ಕಾಣುತ್ತೆ. ಅಂದ್ರೆ ಪುಟ್ಟಿ ಒಬ್ಬಳೇ ಅಲ್ಲ. ಅಮೆರಿಕಾದ ಡಾಗ್ ಏಜಿಂಗ್ ಪ್ರಾಜೆಕ್ಟ್ 2022ರಲ್ಲಿ 15,000 ನಾಯಿಗಳ ಲೆಕ್ಕ ಕೊಟ್ಟಿದೆ, ಅದರಲ್ಲಿ ಓಡಾಟ ಕಮ್ಮಿ ಇರೋ ನಾಯಿಗಳಲ್ಲಿ ಇದು ತುಂಬಾ ಜಾಸ್ತಿ, ಆದ್ರೆ ಓಡಾಡದೇ ಇದ್ದಿದ್ದಕ್ಕೆ ಮರೆವು ಬಂತಾ, ಮರೆವು ಬಂದು ಓಡಾಟ ನಿಂತೋಯ್ತಾ ಅನ್ನೋದು ಮಾಲೀಕರನ್ನ ಕೇಳಿ ಮಾಡಿದ ಸರ್ವೇಲಿ ತಿಳಿಯಲ್ಲ.

ಸೆಲಿಜಿಲಿನ್ ಕೊಡ್ತಿದೀವಿ, ಮನುಷ್ಯರಿಗೆ ಪಾರ್ಕಿನ್ಸನ್ಸ್‌ಗೆ ಕೊಡೋ ಮಾತ್ರೆ, ಅಮೆರಿಕಾದಲ್ಲಿ 1998ರಲ್ಲೇ ನಾಯಿಗಳ ಈ ಕಾಯಿಲೆಗೂ ಒಪ್ಪಿಗೆ ಸಿಕ್ಕಿದೆ. ವಾಸಿ ಆಗಲ್ಲ, ಸ್ವಲ್ಪ ದಿನ ತಳ್ಳಬಹುದು ಅಷ್ಟೆ. ಹಾಲಲ್ಲಿ ರಾತ್ರಿ ಝೀರೋ ಬಲ್ಬ್, ಟೈಲ್ಸ್ ಮೇಲೆ ಜಾರದಿರೋ ಮ್ಯಾಟು, ಕುರ್ಚಿಗಳೆಲ್ಲ ಮೇಜಿನೊಳಗೆ.

ಪೈಂಟ್ ಮಾಡಿಸುವಾಗ ದಿವಾನ್ ಇನ್ನೊಂದು ಗೋಡೆಗೆ ಸರಿಸಿದ್ವಿ. ಪುಟ್ಟಿ ದಿನಾ ಸಂಜೆ ಖಾಲಿ ಜಾಗಕ್ಕೇ ಹೋಗಿ, ಹತ್ತೋಕೆ ಮುಂಗಾಲು ಎತ್ತಿ, ಏನೂ ಸಿಗದೆ ಇಳಿಸ್ತಾಳೆ. ನಾಳೆ ಭಾನುವಾರ ದಿವಾನ್ ವಾಪಸ್ ಹಳೇ ಜಾಗಕ್ಕೆ, ಟೀವಿ ಅಡ್ಡ ಕಾಣುತ್ತೆ ಅಂತ ಅಪ್ಪ ಈಗ್ಲೇ ಗೊಣಗ್ತಿದಾರೆ.