ಚುಕ್ಕಿಯ ಮೊದಲ ಬ್ಲೈಂಡ್

ಇಂದು ಬೆಳಿಗ್ಗೆ ಮಿನ್ನೆಸೋಟದ ಬಯಲಿನಲ್ಲಿ ನಮ್ಮ ಲ್ಯಾಬ್ರಡಾರ್ ಚುಕ್ಕಿ ಮೊದಲ ಸಲ ಒಂದು ‘ಬ್ಲೈಂಡ್’, ಅಂದರೆ ಬೀಳುವುದನ್ನು ತಾನು ಕಾಣದ ವಸ್ತುವನ್ನು ಹುಡುಕಿ ತರುವ ಕೆಲಸ, ಪೂರ್ತಿ ಮಾಡಿದಳು. ‘ಮಾರ್ಕ್’ ಅವಳಿಗೆ ನೀರು ಕುಡಿದಷ್ಟು ಸಲೀಸು. ಬಂಪರ್ (ತರಬೇತಿಯಲ್ಲಿ ಹಕ್ಕಿಯ ಬದಲು ಎಸೆಯುವ ದಿಂಡು) ಬೀಳುವುದನ್ನು ಕಣ್ಣಾರೆ ಕಂಡಿರುತ್ತಾಳೆ, ಓಡಿ ತರುತ್ತಾಳೆ. ಬೇಟೆನಾಯಿಗಳ ಪರೀಕ್ಷೆಯಾದ ಹಂಟ್ ಟೆಸ್ಟ್‌ನ ಜೂನಿಯರ್ ಹಂತಕ್ಕೆ ಅಷ್ಟು ಸಾಕು: ನೆಲದಲ್ಲಿ 2 ಮಾರ್ಕ್, ನೀರಿನಲ್ಲಿ 2. ಸೀನಿಯರ್‌ನಲ್ಲಿ ಬ್ಲೈಂಡ್ ಕೂಡ ಇರುತ್ತದೆ. ಹಕ್ಕಿ ಎಲ್ಲಿದೆಯೆಂದು ನನಗಷ್ಟೇ ಗೊತ್ತು, ಸೀಟಿ ಮತ್ತು ಕೈಸನ್ನೆಯಲ್ಲೇ ಅವಳನ್ನು ಅಲ್ಲಿಗೆ ಮುಟ್ಟಿಸಬೇಕು.

60 ಗಜ ನೇರ ಓಡಿದವಳು ಗಾಳಿಯ ಸೆಳೆತಕ್ಕೆ ಬಲಕ್ಕೆ ವಾಲಿದಳು. ಒಂದು ಸೀಟಿ. ತಟ್ಟನೆ ತಿರುಗಿ ಕುಳಿತಳು, ನನ್ನನ್ನೇ ನೋಡುತ್ತ. ಎಡಗೈ ಚಾಚಿದೆ. ಅನುಮಾನವೇ ಇಲ್ಲದೆ ಅತ್ತ ಚಿಮ್ಮಿದಳು!

ಕಾಣದ್ದನ್ನು ನನ್ನ ಕೈ ನಂಬಿ ಹುಡುಕಲು ಹೊರಟ ಜೀವ. ಬಂಪರನ್ನು ಅಂಗೈಗೆ ಇಟ್ಟಾಗ ಅವಳ ಮೂತಿಯ ತುಂಬ ಇಬ್ಬನಿ. ನನಗೆ ಗಂಟಲು ಕಟ್ಟಿತ್ತು.